ಮೈಕ್ ಮುಂದೆ ಕೂರುವ ಮೊದಲು: ದಾವಣಗೆರೆಯ ಒಂದು ವಿದ್ಯಾರ್ಥಿ ರೇಡಿಯೋದ ಪ್ರಕರಣ

ಕಾಲೇಜು ರೇಡಿಯೋ ಸೇರಬೇಕು ಅನ್ನುವ ವಿದ್ಯಾರ್ಥಿಗೆ ನಮ್ಮ ಕಡೆ ಸಾಮಾನ್ಯವಾಗಿ ಇರುವುದು ಒಂದೇ ಬಾಗಿಲು, ಆಡಿಷನ್. ಒಂದು ಹಾಳೆ ಕೊಟ್ಟು ಓದಿಸುತ್ತಾರೆ. ದನಿ ಹಿಡಿಸಿದರೆ ಒಳಗೆ, ಇಲ್ಲಾಂದ್ರೆ ಮನೆಗೆ. ಎಷ್ಟೋ ವಿದ್ಯಾರ್ಥಿ ರೇಡಿಯೋಗಳು ಒಂದೆರಡು ವರ್ಷಕ್ಕೇ ನಿಂತುಹೋಗುವುದಕ್ಕೆ ಈ ಬಾಗಿಲೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ. ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ಆ ಬಾಗಿಲು ಮುಚ್ಚಿ ಬೇರೆ ದಾರಿ ತೆರೆದಾಗ ಏನಾಯಿತು ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಕೆಲವು ವರ್ಷ ಆಕಾಶವಾಣಿಯಲ್ಲಿ ತಾತ್ಕಾಲಿಕ ಉದ್ಘೋಷಕಿಯಾಗಿದ್ದವಳು. ಈಗ ಕಾಲೇಜುಗಳಿಗೆ ಹೋಗಿ ಧ್ವನಿಮುದ್ರಣ, ಸ್ಕ್ರಿಪ್ಟ್ ಬರೆಯುವುದು ಇವನ್ನೆಲ್ಲ ಕಲಿಸುತ್ತೇನೆ. ಕಾಲೇಜಿನ ಹೆಸರನ್ನೂ ಮಕ್ಕಳ ಹೆಸರನ್ನೂ ಬಿಟ್ಟಿದ್ದೇನೆ.

ಒಂದು ಕೋಣೆ, ಒಬ್ಬ ಹುಡುಗ

ಪತ್ರಿಕೋದ್ಯಮ ವಿಭಾಗಕ್ಕೆ ಒಂದು ಚಿಕ್ಕ ಕೋಣೆ ಇತ್ತು. ಒಂದು ಮಿಕ್ಸರ್, ಎರಡು ಮೈಕ್, ಹಳೇ ಕಂಪ್ಯೂಟರ್. ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದರು. ಮೊಟ್ಟೆ ಟ್ರೇಯಿಂದ ಹೊರಗಿನ ಸದ್ದು ನಿಲ್ಲುವುದಿಲ್ಲ, ಒಳಗಿನ ಪ್ರತಿಧ್ವನಿಯೂ ಅಷ್ಟೇನೂ ಕಡಿಮೆಯಾಗುವುದಿಲ್ಲ. ಎರಡು ದಪ್ಪ ಕಂಬಳಿ ಇಳಿಬಿಟ್ಟರೆ ಅದಕ್ಕಿಂತ ಜಾಸ್ತಿ ಉಪಯೋಗ. ಆದರೂ ಆ ಕೋಣೆ ನೋಡಿದರೆ ಯಾರೋ ಆಸೆಪಟ್ಟು ಕಟ್ಟಿದ್ದು ಅಂತ ಗೊತ್ತಾಗುತ್ತಿತ್ತು.

ಕಟ್ಟಿದ್ದು ಅಂತಿಮ ವರ್ಷದ ಒಬ್ಬ ಹುಡುಗ. ಒಳ್ಳೆಯ ದನಿ, ಒಳ್ಳೆಯ ಮಾತುಗಾರ. ಸಿನಿಮಾ ಹಾಡು ಹಾಕುತ್ತಿದ್ದ, ನಡುವೆ ಹರಟುತ್ತಿದ್ದ, ಎಲ್ಲವನ್ನೂ ಇಂಟರ್‌ನೆಟ್‌ಗೆ ಏರಿಸುತ್ತಿದ್ದ. ಗೆಳೆಯರು ಕೇಳುತ್ತಿದ್ದರು. ಸ್ವಲ್ಪ ದಿನದಲ್ಲಿ ಹಾಡುಗಳ ಹಕ್ಕಿನ ತಕರಾರು ಬಂದು ಆ ತಾಣ ಅವನ ಕಂತುಗಳನ್ನು ಒಂದೊಂದಾಗಿ ತೆಗೆದುಹಾಕಿತು. ಹಕ್ಕುದಾರರ ಅನುಮತಿ ಇಲ್ಲದೆ ಸಿನಿಮಾ ಹಾಡನ್ನು ಹೀಗೆ ಹಂಚಲು ಬರುವುದಿಲ್ಲ ಎಂದು ಆ ಹುಡುಗರಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಪರೀಕ್ಷೆ ಬಂತು. ಹುಡುಗ ಪಾಸಾಗಿ ಬೆಂಗಳೂರಿಗೆ ಹೋದ. ಖಾತೆ ಅವನ ಸ್ವಂತ ಇಮೇಲ್‌ನಲ್ಲಿತ್ತು, ಮೂಲ ಧ್ವನಿಮುದ್ರಣಗಳು ಅವನ ಲ್ಯಾಪ್‌ಟಾಪ್‌ನಲ್ಲಿದ್ದವು. ರೇಡಿಯೋ ಅವನ ಜೊತೆಗೇ ಬಸ್ ಹತ್ತಿತು.

ಮುಂದಿನ ವರ್ಷ ವಿಭಾಗದವರು ಆಡಿಷನ್ ಕರೆದರು. ತುಂಬಾ ಜನ ಬಂದರು. ದನಿ ಚೆನ್ನಾಗಿದ್ದ ಕೆಲವರನ್ನು ಆರಿಸಿದರು. ಆರಿಸಿಕೊಂಡವರಿಗೆಲ್ಲ ತಮ್ಮ ತಮ್ಮ ಹೆಸರಿನ ಕಾರ್ಯಕ್ರಮ ಬೇಕು. ಎಡಿಟಿಂಗ್ ಯಾರಿಗೂ ಬೇಡ. ಫೋನ್ ಮಾಡಿ ಅತಿಥಿಗಳನ್ನು ಒಪ್ಪಿಸುವುದು, ಮುದ್ರಿಸಿದ್ದಕ್ಕೆ ಹೆಸರು ಹಾಕಿ ಇಡುವುದು, ಬ್ಯಾಟರಿ ಚಾರ್ಜ್ ಮಾಡುವುದು ಯಾರ ಕೆಲಸ ಅಂತ ಯಾರಿಗೂ ಗೊತ್ತಿಲ್ಲ. ಮೊದಲ ಇಂಟರ್ನಲ್ ಪರೀಕ್ಷೆ ಬರುವಷ್ಟರಲ್ಲಿ ಒಬ್ಬೊಬ್ಬರೇ ಜಾರಿಕೊಂಡರು. ವಿಭಾಗದ ಮುಖ್ಯಸ್ಥರು ನನಗೆ ಫೋನ್ ಮಾಡಿದಾಗ ಕೋಣೆಗೆ ಬೀಗ ಬಿದ್ದು ತಿಂಗಳುಗಳೇ ಆಗಿದ್ದವು.

ಎಫ್‌ಎಂ ಯಾಕಿಲ್ಲ ಅನ್ನುವ ಪ್ರಶ್ನೆ

ಮೊದಲ ಸಭೆಯಲ್ಲಿ ಮಕ್ಕಳು ಕೇಳಿದ ಮೊದಲ ಪ್ರಶ್ನೆಯೇ ಇದು. "ಮೇಡಂ, ನಮ್ದೂ ಎಫ್‌ಎಂ ಆಗಲಿ. ಇಂಟರ್‌ನೆಟ್‌ನಾಗ ಹಾಕಿದ್ರೆ ಅದು ರೇಡಿಯೋ ಹೆಂಗಾಗ್ತೈತಿ?" ಇದು ಎಲ್ಲಾ ಕಾಲೇಜಿನಲ್ಲೂ ಬರುವ ಪ್ರಶ್ನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1995ರಲ್ಲಿ ಸುಪ್ರೀಂ ಕೋರ್ಟ್ ಪ್ರಸಾರಕ್ಕೆ ಬಳಸುವ ರೇಡಿಯೋ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ತೀರ್ಪು ಕೊಟ್ಟಿತು. 2002ರ ಕೊನೆಯಲ್ಲಿ ಕೇಂದ್ರ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ರೇಡಿಯೋ ನಡೆಸಲು ಅವಕಾಶ ಕೊಟ್ಟಿತು. 2004ರ ಫೆಬ್ರವರಿಯಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಅಣ್ಣಾ ಎಫ್‌ಎಂ ಶುರುವಾಯಿತು. ದೇಶದ ಮೊದಲ ಕ್ಯಾಂಪಸ್ ಸಮುದಾಯ ರೇಡಿಯೋ, ಅಂದರೆ ಸುತ್ತಲಿನ ಜನರಿಗಾಗಿ ಅವರನ್ನೂ ಸೇರಿಸಿಕೊಂಡು ನಡೆಸುವ ಚಿಕ್ಕ ಕೇಂದ್ರ, ಅದೇ. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ನಮ್ಮ ರಾಜ್ಯದಲ್ಲೇ ಮಣಿಪಾಲದಲ್ಲಿ, ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಶಿಕ್ಷಣ ಸಂಸ್ಥೆಗಳು ನಡೆಸುವ ಸಮುದಾಯ ರೇಡಿಯೋಗಳಿವೆ. ಆದರೆ ಅರ್ಜಿ ಹಾಕಬೇಕಾದದ್ದು ಸಂಸ್ಥೆ. ವಿದ್ಯಾರ್ಥಿಗಳ ಗುಂಪು ಹಾಕಲು ಬರುವುದಿಲ್ಲ. ಅನುಮತಿ ಸಿಕ್ಕರೂ ಹೊರಗೆ ಹೋಗುವ ಪ್ರಸಾರದ ಶಕ್ತಿ ಸಾಮಾನ್ಯವಾಗಿ 100 ವಾಟ್‌ಗೆ ಸೀಮಿತ, ಕಂಬದ ಎತ್ತರ 30 ಮೀಟರ್ ಮೀರಬಾರದು. ಅರ್ಧದಷ್ಟಾದರೂ ಕಾರ್ಯಕ್ರಮ ಸ್ಥಳೀಯರು ಸೇರಿ ಮಾಡಿದ್ದಿರಬೇಕು. ಸ್ವಂತ ಸುದ್ದಿ ಹೇಳುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು. ಪರೀಕ್ಷೆ ಫಲಿತಾಂಶ, ಪ್ರವೇಶ, ಹವಾಮಾನ, ಸಂಚಾರ, ನೀರು, ಕರೆಂಟ್ ಇವುಗಳ ಮಾಹಿತಿಗೆ ಅಡ್ಡಿಯಿಲ್ಲ. ಪ್ರಸಾರ ಮಾಡಿದ್ದನ್ನೆಲ್ಲ ಮೂರು ತಿಂಗಳು ಕಾಪಾಡಿಡಬೇಕು.

ಹಿಂದಿನ ಬೆಂಚಿನ ಹುಡುಗನೊಬ್ಬ, ಇಂಜಿನಿಯರಿಂಗ್ ಓದುವ ತನ್ನ ಗೆಳೆಯ ಚಿಕ್ಕ ಟ್ರಾನ್ಸ್‌ಮಿಟರ್ ಮಾಡಿಕೊಡುತ್ತಾನೆ ಅಂದ. ಅವನಿಗೆ ಬಿಹಾರದ ರಾಘವ್ ಮಹತೋ ಅವರ ಕಥೆ ಹೇಳಿದೆ. ವೈಶಾಲಿ ಜಿಲ್ಲೆಯ ಮನ್ಸೂರ್‌ಪುರದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಆ ಯುವಕ ತಾನೇ ಜೋಡಿಸಿದ ಅಗ್ಗದ ಕಿಟ್‌ನಿಂದ ಊರಿಗೆಲ್ಲ ಎಫ್‌ಎಂ ಕೇಳಿಸಿದ. ಜನ ಪ್ರೀತಿಯಿಂದ ಕೇಳಿದರು. ಲೈಸೆನ್ಸ್ ಇಲ್ಲ ಎಂದು 2006ರಲ್ಲಿ ಅಧಿಕಾರಿಗಳು ಅದನ್ನು ಮುಚ್ಚಿಸಿದರು. ಕಾಲೇಜಿನ ಮಹಡಿ ಮೇಲೆ ಅಂಥದ್ದನ್ನು ಇಟ್ಟರೆ ತೊಂದರೆಗೆ ಸಿಕ್ಕಿಕೊಳ್ಳುವವರು ಮಕ್ಕಳೇ.

ಹಾಗಂತ ಗಾಳಿಯಲ್ಲಿ ಹೋಗದ್ದು ರೇಡಿಯೋ ಅಲ್ಲ ಎಂದು ನಾನು ಒಪ್ಪುವುದಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ'ಯವರು ಹಳ್ಳಿಯವರಿಗೆ ಲೈಸೆನ್ಸ್ ಸಿಗದಿದ್ದ ಕಾಲದಲ್ಲಿ ಟಿವಿ ಕೇಬಲ್ ತಂತಿಯಲ್ಲೇ ದನಿಯನ್ನು ಮನೆಮನೆಗೆ ಕಳಿಸಿದರು. ಇನ್ನೂ ಹಿಂದಕ್ಕೆ ಹೋದರೆ, 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದರು. ಕಾಲೇಜಿನ ಮೇಷ್ಟ್ರೊಬ್ಬರು ಮನೆಯ ಕೋಣೆಯಿಂದ ಕಟ್ಟಿದ್ದು ಅದು. ನಮ್ಮ ಕನ್ನಡದ ರೇಡಿಯೋಗೆ ಇಷ್ಟು ಒಳ್ಳೆಯ ಹುಟ್ಟು ಇರುವಾಗ ಉಪಕರಣ ಇಲ್ಲ ಅಂತ ಕೂರುವುದು ಯಾಕೆ, ಅಲ್ವಾ?

ಜಗಳೂರು ಕಡೆಯ ಹುಡುಗಿ

ಸಭೆ ಮುಗಿದ ಮೇಲೆ ಒಬ್ಬಳು ಹಿಂದೆ ಉಳಿದಳು. ಬಿ.ಎ. ಎರಡನೇ ವರ್ಷ. ಜಗಳೂರು ತಾಲೂಕಿನ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಡುವವಳು. ಹಿಂದಿನ ಆಡಿಷನ್‌ನಲ್ಲಿ ಅವಳನ್ನು ಬಿಟ್ಟಿದ್ದರು. ಓದಲು ಕೊಟ್ಟಿದ್ದು ಪತ್ರಿಕೆಯ ಸಂಪಾದಕೀಯದಂಥ ಒಂದು ತುಣುಕು. ಸಾಲುಸಾಲಾಗಿ ಮಹಾಪ್ರಾಣ, ಶ ಮತ್ತು ಷ. ಅವಳ ಬಾಯಲ್ಲಿ ಶಿಕ್ಷಣ 'ಸಿಕ್ಸಣ' ಆಯಿತು. ಯಾರೋ ನಕ್ಕರು. ಅಲ್ಲಿಗೆ ಮುಗಿಯಿತು.

"ಮೇಡಂ, ಮಾತಾಡೋದು ಬಿಟ್ಟು ಬೇರೆ ಕೆಲಸ ಏನಾರ ಐತೇನ್ರಿ?" ಅಂದಳು.

"ಇದೆಯಮ್ಮ. ಜಾಸ್ತಿ ಇರೋದೇ ಅದು," ಅಂದೆ.

ಅವಳಿಗೆ ಕೊಟ್ಟ ಮೊದಲ ಕೆಲಸ ಒಂದು ದಪ್ಪ ನೋಟ್‌ಬುಕ್. ಹಳೇ ಕಂಪ್ಯೂಟರ್‌ನಲ್ಲಿ ಅಳಿದುಳಿದ ಮುದ್ರಣಗಳನ್ನೆಲ್ಲ ಕೇಳಿ, ಯಾರ ದನಿ, ಯಾವ ವಿಷಯ, ಎಷ್ಟು ನಿಮಿಷ, ಎಲ್ಲಿ ಸದ್ದು ಕೆಟ್ಟಿದೆ ಎಂದು ಬರೆಯಬೇಕು. ಬೇಸರದ ಕೆಲಸ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಆಮೇಲೆ ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ಕತ್ತರಿಸುವುದು, ಜೋಡಿಸುವುದು ಕಲಿಸಿದೆ. ಮಾತಿನ ನಡುವಿನ 'ಅಂದ್ರೆ... ಅದೇನಂದ್ರೆ...' ಎಷ್ಟು ತೆಗೆಯಬೇಕು, ಎಷ್ಟು ಉಳಿಸಬೇಕು? ಎಲ್ಲಾ ತೆಗೆದರೆ ಮಾತಾಡಿದವರು ಯಂತ್ರದ ಹಾಗೆ ಕೇಳಿಸುತ್ತಾರೆ. ಉಸಿರು ಕತ್ತರಿಸಿದರೆ ಕೇಳುವವರಿಗೇ ಉಸಿರು ಕಟ್ಟುತ್ತದೆ. ಇದನ್ನು ಪುಸ್ತಕದಿಂದ ಕಲಿಸಲು ಆಗುವುದಿಲ್ಲ. ಗಂಟೆಗಟ್ಟಲೆ ಬೇರೆಯವರ ಮಾತು ಕೇಳುತ್ತಾ ಕೂತರೆ ಮಾತ್ರ ಬರುತ್ತದೆ.

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಇಲ್ಲೇ. ಎಡಿಟ್ ಮಾಡುತ್ತಾ ಮಾಡುತ್ತಾ ಅವಳಿಗೆ ಕೇಳುಗರ ಕಿವಿ ಬಂತು. ಎಲ್ಲಿ ಮಾತು ಎಳೆಯುತ್ತದೆ, ಎಲ್ಲಿ ಅರ್ಥವಾಗದೆ ಹೋಗುತ್ತದೆ, ಯಾವ ಪ್ರಶ್ನೆಗೆ ಜನ ಬಾಯಿ ಬಿಡುತ್ತಾರೆ ಎಂಬುದು ಅವಳಿಗೆ ತಿಳಿಯತೊಡಗಿತು. ಆಡಿಷನ್ ಗೆದ್ದು ನೇರ ಮೈಕ್‌ಗೆ ಬಂದ ಮಕ್ಕಳಿಗೆ ಈ ಕಿವಿ ಬರುವುದು ಬಹಳ ತಡ. ಅವರು ಕೇಳಿಸಿಕೊಳ್ಳುವುದು ತಮ್ಮ ದನಿಯನ್ನೇ.

ನಿಂತು ಪ್ರಯಾಣ ಮಾಡುವವರ ಕಿವಿ

ಕೇಳುವವರು ಯಾರು ಅನ್ನುವ ಪ್ರಶ್ನೆಗೆ ಉತ್ತರ ಕೊಟ್ಟವಳೂ ಅವಳೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಇಲ್ಲ. ಓದಲು ಬರುವ ಹುಡುಗಿಯರಿಗೆ ಇದು ದೊಡ್ಡ ಆಸರೆ. ಬಸ್ಸು ಮಾತ್ರ ತುಂಬಿರುತ್ತದೆ. ಅವಳ ಊರಿಂದ ದಾವಣಗೆರೆಗೆ ಒಂದು ತಾಸು ಮೀರಿದ ದಾರಿ, ಎಷ್ಟೋ ಸಲ ನಿಂತೇ ಬರಬೇಕು. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಬ್ಯಾಗು. "ನಿಂತ್ಕಂಡು ಫೋನ್ ನೋಡಾಕ ಆಗಂಗಿಲ್ಲ ಮೇಡಂ. ಕಿವ್ಯಾಗ ಇಯರ್‌ಫೋನ್ ಇದ್ರೆ ಕೇಳಬೋದು," ಅಂದಳು.

ಅಷ್ಟು ಹೊತ್ತಿಗೆ ನಾವು ಕ್ಯಾಂಟೀನ್‌ನಲ್ಲಿ ಸ್ಪೀಕರ್ ಹಾಕುವ ಯೋಚನೆಯಲ್ಲಿದ್ದೆವು. ಕ್ಯಾಂಟೀನ್‌ನಲ್ಲಿ ಎಲ್ಲರೂ ಮಾತಾಡುತ್ತಿರುತ್ತಾರೆ, ಯಾರೂ ಕೇಳುವುದಿಲ್ಲ. ಬಸ್ಸಿನಲ್ಲಿ ಕೈ ಬಿಡುವಿಲ್ಲ, ಕಿವಿ ಖಾಲಿ. ಹರಿಹರ, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿ, ಭರಮಸಾಗರ ಹೀಗೆ ಎಲ್ಲಾ ದಿಕ್ಕಿನಿಂದಲೂ ದಾವಣಗೆರೆಗೆ ಮಕ್ಕಳು ಬರುತ್ತಾರೆ. ಅವರೇ ನಮ್ಮ ಕೇಳುಗರು ಎಂದು ತೀರ್ಮಾನವಾಯಿತು.

ಅದಾದ ಮೇಲೆ ಉಳಿದದ್ದೆಲ್ಲ ತಾನಾಗಿ ಸರಿಹೋಯಿತು. ಕಾರ್ಯಕ್ರಮದ ಉದ್ದ ಹತ್ತು ನಿಮಿಷ. ವಾರಕ್ಕೆ ಎರಡು ಸಲ, ಬೆಳಗ್ಗೆ ಮೊದಲ ಬಸ್ಸಿಗೂ ಮುಂಚೆ ವಾಟ್ಸ್ಆ್ಯಪ್‌ನಲ್ಲಿ ಆಡಿಯೋ ಫೈಲ್. ದಾರಿಯಲ್ಲಿ ನೆಟ್‌ವರ್ಕ್ ಹೋಗುತ್ತದೆ, ಹಾಗಾಗಿ ಮನೆಯಲ್ಲೇ ಇಳಿಸಿಕೊಳ್ಳುವಂತಿರಬೇಕು. ಮಾತಿಗೆ ಸ್ಟೀರಿಯೋ ಬೇಕಾಗಿಲ್ಲ. 64 ಕೆಬಿಪಿಎಸ್ ಮೋನೋ ಎಂಪಿ3 ಮಾಡಿದರೆ ಹತ್ತು ನಿಮಿಷಕ್ಕೆ ಐದು ಎಂಬಿಯೂ ಆಗುವುದಿಲ್ಲ. ಕನ್ನಡವನ್ನು ಸಮಾಧಾನವಾಗಿ ಓದಿದರೆ ನಿಮಿಷಕ್ಕೆ ಸುಮಾರು 100 ಪದ. ಅಂದರೆ ಇಡೀ ಕಂತಿಗೆ ಸಾವಿರ ಪದವೂ ಹಿಡಿಯುವುದಿಲ್ಲ, ನಡುವೆ ಬೇರೆಯವರ ದನಿಯೂ ಬರಬೇಕು. ಈ ಲೆಕ್ಕ ಗೋಡೆಗೆ ಅಂಟಿಸಿದ ಮೇಲೆ ಉದ್ದುದ್ದ ಸ್ಕ್ರಿಪ್ಟ್ ಬರೆಯುವುದು ನಿಂತಿತು.

ಇನ್ನೊಂದು ಅಡ್ಡಿ ಇತ್ತು. ಹಿಂದೆ ರೇಡಿಯೋ ಕೆಲಸ ನಡೆಯುತ್ತಿದ್ದದ್ದು ಸಂಜೆ ನಾಲ್ಕರ ಮೇಲೆ. ಊರ ಮಕ್ಕಳಿಗೆ, ಹಾಸ್ಟೆಲ್ ಹುಡುಗರಿಗೆ ಅದು ಸರಿ. ಹಳ್ಳಿಗೆ ಹೋಗುವ ಹುಡುಗಿಗೆ ಬಸ್ಸು ತಪ್ಪಿದರೆ ಮನೆಯಲ್ಲಿ ಬೈಗುಳ, ಎರಡು ಸಲ ತಪ್ಪಿದರೆ ರೇಡಿಯೋನೇ ಬೇಡ ಅನ್ನುತ್ತಾರೆ. ಯಾರೂ ಬೇಕಂತ ಹೊರಗಿಟ್ಟಿರಲಿಲ್ಲ, ಗಡಿಯಾರವೇ ಹೊರಗಿಟ್ಟಿತ್ತು. ವಿಭಾಗದ ಸರ್ ಮಧ್ಯಾಹ್ನದ ಬಿಡುವು ಮತ್ತು ಅದರ ಪಕ್ಕದ ಒಂದು ಪಿರಿಯಡ್ ಬಿಡಿಸಿಕೊಟ್ಟರು. ತಂಡದಲ್ಲಿ ಹುಡುಗಿಯರ ಸಂಖ್ಯೆ ಹೆಚ್ಚಿದ್ದು ಆಮೇಲೆಯೇ. ಯಾವ ಕಾಲೇಜಿನವರು ನನ್ನನ್ನು ಕೇಳಿದರೂ ಈಗ ಮೊದಲು ಹೇಳುವುದು ಇದನ್ನೇ: ಮೈಕ್ ಆಮೇಲೆ ಕೊಳ್ಳಿ, ಮೊದಲು ಕೊನೇ ಬಸ್ಸಿನ ಟೈಮ್ ನೋಡಿ.

ಏನು ಹೇಳಿದರು, ಏನು ಹಾಡಿದರು

ಮೊದಲ ತಿಂಗಳು ಹೆಚ್ಚು ಓಡಿದ್ದು ವಿದ್ಯಾರ್ಥಿವೇತನದ ಬಗ್ಗೆ ಮಾಡಿದ ಕಂತು. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಇಲ್ಲದಿದ್ದರೆ ಅರ್ಜಿ ಮಂಜೂರಾದರೂ ಹಣ ಬರುವುದಿಲ್ಲ. ಇದು ನೋಟಿಸ್ ಬೋರ್ಡಿನಲ್ಲಿ ಇದ್ದದ್ದೇ. ಆದರೆ ಹಿಂದಿನ ವರ್ಷ ಹಣ ಸಿಗದೆ ಓಡಾಡಿದ ಹುಡುಗನೊಬ್ಬ ತಾನು ಯಾವ ಕೌಂಟರ್‌ನಿಂದ ಯಾವ ಕೌಂಟರ್‌ಗೆ ಹೋದೆ, ಎಲ್ಲಿ ಏನು ಕೇಳಿದರು ಎಂದು ತನ್ನ ಮಾತಲ್ಲೇ ಹೇಳಿದಾಗ ಅದು ಕಿವಿಗೆ ಬಿದ್ದ ರೀತಿಯೇ ಬೇರೆ. ಆ ಫೈಲ್ ಬೇರೆ ಕಾಲೇಜಿನ ಗುಂಪುಗಳಿಗೂ ಹೋಯಿತು.

ಸಿನಿಮಾ ಹಾಡು ಬಿಟ್ಟೇಬಿಟ್ಟರು. ಅದರ ಬದಲು ಮನೆಯವರ, ಊರವರ ಹಾಡು. ಸೋಬಾನೆ ಪದ, ಕೋಲಾಟದ ಪದ, ತತ್ವಪದ, ಭಜನೆ. ಹಳೆಯ ಜನಪದ ಹಾಡಿಗೆ ಹಕ್ಕಿನ ತಕರಾರು ಬರುವುದಿಲ್ಲ, ಆದರೆ ಬೇರೆಯವರು ಮುದ್ರಿಸಿದ್ದನ್ನು ಎತ್ತಿಕೊಳ್ಳುವಂತಿಲ್ಲ. ನಾವೇ ಮುದ್ರಿಸಬೇಕು, ಹಾಡಿದವರ ಒಪ್ಪಿಗೆ ಪಡೆಯಬೇಕು. ಒಪ್ಪಿಗೆಯನ್ನು ಹಾಡಿನ ಮೊದಲು ಅವರ ದನಿಯಲ್ಲೇ ಮುದ್ರಿಸಿಕೊಳ್ಳುವ ರೂಢಿ ಮಾಡಿದೆವು. ಓದಲು ಬರೆಯಲು ಬಾರದ ಅಜ್ಜಿಗೆ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸುವುದಕ್ಕಿಂತ ಇದು ಮರ್ಯಾದೆಯ ದಾರಿ.

ನನಗೆ ಅತಿ ಇಷ್ಟವಾದದ್ದು ಮಂಡಕ್ಕಿ ಭಟ್ಟಿಯ ಕಂತು. ದಾವಣಗೆರೆ ಅಂದರೆ ಬೆಣ್ಣೆದೋಸೆ, ಮಂಡಕ್ಕಿ ಮಿರ್ಚಿ ಅಂತ ಎಲ್ಲರೂ ಹೇಳುತ್ತಾರೆ. ಆ ಮಂಡಕ್ಕಿ ಹುರಿಯುವವರ ಮಾತು ಕೇಳಿದವರು ಕಡಿಮೆ. ತಂಡದಲ್ಲಿ ಭಟ್ಟಿಗಳ ಪಕ್ಕದ ಬಡಾವಣೆಯ ಹುಡುಗನೊಬ್ಬ ಇದ್ದ. ಅವನೂ ಆಡಿಷನ್‌ಗೆ ಬಂದವನಲ್ಲ, ತನ್ನ ಫೋನ್‌ನಲ್ಲಿ ಒಳ್ಳೆಯ ರೆಕಾರ್ಡಿಂಗ್ ಬರುತ್ತದೆ ಅಂತ ಸುಮ್ನೆ ಬಂದವನು. ಭತ್ತ ನೆನೆಸಿ, ಬಿಸಿ ಮಾಡಿ, ಒಣಗಿಸಿ, ಅಕ್ಕಿ ಮಾಡಿಸಿ, ಅದಕ್ಕೆ ಉಪ್ಪುನೀರು ಬೆರೆಸಿ, ಕೊನೆಗೆ ಕಾದ ಮರಳಿನಲ್ಲಿ ಹುರಿಯಬೇಕು. ಅಕ್ಕಿ ಅರಳುವ ಆ ಸದ್ದು ತಗಡಿನ ಮೇಲೆ ಮಳೆ ಬಿದ್ದಂತಿರುತ್ತದೆ. ರೇಡಿಯೋಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಮೊದಲ ಸಲ ಮುದ್ರಿಸಿದ್ದು ಪೂರಾ ಹಾಳಾಯಿತು. ಹುರಿಯುವ ಜಾಗದಲ್ಲೇ ನಿಂತು ಮಾತಾಡಿಸಿದ್ದರು. ಫೋನ್ ತಾನೇ ಧ್ವನಿಯ ಮಟ್ಟ ಏರಿಸಿ ಇಳಿಸಿ ಮಾಡಿ, ಮಾತು ಒಮ್ಮೆ ಮುಳುಗಿ ಒಮ್ಮೆ ತೇಲುತ್ತಿತ್ತು. ಆಗ ಅವರಿಗೆ ರೇಡಿಯೋದ ಹಳೇ ವಿದ್ಯೆ ಹೇಳಿಕೊಟ್ಟೆ. ಮಾತನ್ನು ಸ್ವಲ್ಪ ದೂರ, ಗೋಡೆಯ ಮರೆಯಲ್ಲಿ, ಬಾಯಿಂದ ಒಂದು ಗೇಣು ಅಂತರದಲ್ಲಿ, ತುಸು ಓರೆಯಾಗಿ ಫೋನ್ ಹಿಡಿದು ಮುದ್ರಿಸಿ. ಭಟ್ಟಿಯ ಸದ್ದನ್ನು ಬೇರೆಯಾಗಿ ಎರಡು ನಿಮಿಷ ತೆಗೆದುಕೊಳ್ಳಿ. ಯಾರೂ ಮಾತಾಡದ ಆ ಜಾಗದ ಬರೀ ಗಾಳಿಯನ್ನೂ ಅರ್ಧ ನಿಮಿಷ ಹಿಡಿಯಿರಿ. ಆಮೇಲೆ ಕೂತು ಮಾತಿನ ಕೆಳಗೆ ಸದ್ದನ್ನು ಇಡಿ.

ಎರಡನೇ ಸಲ ಜಗಳೂರಿನ ಹುಡುಗಿ ಹೋದಳು. ಎಡಿಟ್ ಮಾಡಿ ಮಾಡಿ ಅವಳಿಗೆ ಗೊತ್ತಿತ್ತು, ದೊಡ್ಡ ಪ್ರಶ್ನೆಗೆ ಚಿಕ್ಕ ಉತ್ತರ ಬರುತ್ತದೆ. "ನಿಮ್ಮ ಸಮಸ್ಯೆಗಳೇನು?" ಎಂದು ಕೇಳಲಿಲ್ಲ. "ಅಕ್ಕಾ, ಬೆಳಗ್ಗೆ ಎದ್ದ ಕೂಡ್ಲೆ ಮೊದ್ಲು ಏನ್ ಮಾಡ್ತೀರಿ?" ಎಂದು ಕೇಳಿದಳು. ಅಲ್ಲಿದ್ದ ಹೆಂಗಸು ಬೆಂಕಿ, ಹೊಗೆ, ಬೇಸಿಗೆಯ ಬಿಸಿ, ಮಗಳ ಕಾಲೇಜು ಫೀಸು ಎಲ್ಲಾ ಹೇಳಿದರು. ಸಂಪಾದಕೀಯ ಓದಲು ತಡವರಿಸಿದ್ದ ಆ ಮಾತೇ ಅಲ್ಲಿ ಅವರ ಬಾಯಿ ಬಿಡಿಸಿತ್ತು. ಅವಳ ಪ್ರಶ್ನೆಗಳನ್ನು ತೆಗೆದು ಬೇರೆ ಯಾರಿಂದಲಾದರೂ ಓದಿಸೋಣ ಎಂದು ಒಬ್ಬರು ಸಲಹೆ ಕೊಟ್ಟರು. ತಂಡದ ಮಕ್ಕಳು ಒಪ್ಪಲಿಲ್ಲ. ಅವಳ ದನಿ ಹಾಗೆಯೇ ಹೋಯಿತು.

ಎರಡು ಜಗಳ

ಮೊದಲನೆಯದು ಭಾಷೆಯದು. ಕಾಲೇಜಿನ ಹಿರಿಯ ಅಧ್ಯಾಪಕರೊಬ್ಬರು ಬೇಸರದಿಂದಲೇ ಹೇಳಿದರು: "ಕಾಲೇಜಿನ ಹೆಸರಲ್ಲಿ ಹೊರಗೆ ಹೋಗುತ್ತೆ. ಭಾಷೆ ಶುದ್ಧ ಇರಬೇಕಲ್ವಾ?" ಅವರ ಮಾತಿನಲ್ಲಿ ಕಾಳಜಿ ಇತ್ತು, ತಳ್ಳಿಹಾಕುವಂಥದ್ದಲ್ಲ. ಉಚ್ಚಾರಣೆ ಕಲಿಯುವುದರಿಂದ ಮಕ್ಕಳಿಗೆ ಲಾಭವೇ. ಭದ್ರಾವತಿ ಆಕಾಶವಾಣಿಗೋ ಚಿತ್ರದುರ್ಗದ ಕೇಂದ್ರಕ್ಕೋ ಉದ್ಘೋಷಕರಾಗಿ ಹೋಗುವ ಆಸೆ ಇದ್ದರೆ ಅದು ಬೇಕೇ ಬೇಕು. ಕೊನೆಗೆ ಬಂದ ತೀರ್ಮಾನ ಹೀಗೆ: ದಿನಾಂಕ, ಕಾಗದಪತ್ರಗಳ ಪಟ್ಟಿ, ಪರೀಕ್ಷೆಯ ವೇಳೆ ಇವನ್ನು ಸ್ಪಷ್ಟವಾಗಿ, ನಿಧಾನವಾಗಿ, ಬರೆದುಕೊಂಡು ಓದಬೇಕು. ಮಾತುಕತೆ ಮನೆಯ ಮಾತಿನಲ್ಲೇ ಇರಲಿ. ಅಧ್ಯಾಪಕರು ಪೂರಾ ಒಪ್ಪಿದರು ಅಂತ ಹೇಳಲಾರೆ. ಆದರೆ ಉಚ್ಚಾರಣೆ ಕಲಿಸಲು ವಾರಕ್ಕೊಂದು ತರಗತಿ ತಾವೇ ತೆಗೆದುಕೊಂಡರು. ಬಾಗಿಲಲ್ಲಿ ನಿಲ್ಲಿಸಿ ಪರೀಕ್ಷೆ ಮಾಡುವುದಕ್ಕೂ ಒಳಗೆ ಕರೆದು ಕಲಿಸುವುದಕ್ಕೂ ಬಹಳ ವ್ಯತ್ಯಾಸ ಇದೆ.

ಎರಡನೆಯದು ಕಷ್ಟದ್ದು. ಹಾಸ್ಟೆಲ್‌ನ ಕುಡಿಯುವ ನೀರಿನ ಫಿಲ್ಟರ್ ಕೆಟ್ಟು ಬಹಳ ದಿನವಾಗಿತ್ತು. ಒಂದು ಗುಂಪು ಅದರ ಬಗ್ಗೆ ಕಂತು ಮಾಡಿತು. ಸಿಟ್ಟು ತುಂಬಿದ ಕಂತು, ಎಲ್ಲಾ ದೂರುಗಳೇ. ಆಡಳಿತದವರು ಇದು ಹೋಗಬಾರದು ಅಂದರು. ಮಕ್ಕಳು, ಇದನ್ನು ತಡೆದರೆ ರೇಡಿಯೋ ಬಿಡುತ್ತೇವೆ ಅಂದರು. ಕೋಣೆಗೆ ಮತ್ತೆ ಬೀಗ ಬೀಳುವ ಲಕ್ಷಣ ಕಾಣಿಸಿತು.

ವಿಭಾಗದ ಸರ್ ಆ ಕಂತನ್ನು ಎಲ್ಲರ ಜೊತೆ ಕೂತು ಪೂರ್ತಿ ಕೇಳಿದರು. ಆಮೇಲೆ ಒಂದೇ ಪ್ರಶ್ನೆ: "ವಾರ್ಡನ್ ಏನಂದ್ರು?" ಯಾರೂ ಅವರನ್ನು ಕೇಳಿರಲಿಲ್ಲ. ಒಂದು ವಾರ ತಡೆದು ವಾರ್ಡನ್‌ರನ್ನು ಮಾತಾಡಿಸಿದರು. ಹೊಸ ಫಿಲ್ಟರ್‌ಗೆ ಬರೆದ ಪತ್ರ ಎಲ್ಲಿ ನಿಂತಿದೆ ಎಂದು ಅವರು ವಿವರವಾಗಿ ಹೇಳಿದರು. ಅವರಿಗೂ ಹೇಳಿಕೊಳ್ಳಲು ಒಂದು ಜಾಗ ಬೇಕಿತ್ತು ಅನಿಸುತ್ತದೆ. ವಿದ್ಯಾರ್ಥಿಗಳ ಮಾತು, ವಾರ್ಡನ್ ಮಾತು ಎರಡೂ ಸೇರಿ ಕಂತು ಹೋಯಿತು. ಫಿಲ್ಟರ್ ರಿಪೇರಿಯಾಯಿತು. ರೇಡಿಯೋದಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ, ಪತ್ರ ಮೊದಲೇ ಹೋಗಿತ್ತು. ಆದರೆ ಅಂದಿನಿಂದ ಒಂದು ನಿಯಮ ನಿಂತಿತು: ಯಾರ ಮೇಲೆ ದೂರು ಇದೆಯೋ ಅವರ ದನಿ ಇಲ್ಲದೆ ಕಂತು ಹೋಗಬಾರದು, ಅವರು ಮಾತಾಡಲು ಒಪ್ಪದಿದ್ದರೆ ಅದನ್ನೂ ಹೇಳಬೇಕು. ಮುಂದೆ ಎಫ್‌ಎಂ ಬಂದರೂ ಬರದಿದ್ದರೂ ಈ ಶಿಸ್ತು ಉಳಿಯಬೇಕು.

ಬಾಗಿಲು ಬದಲಾದದ್ದು

ಮರುವರ್ಷ ಹೊಸ ಮಕ್ಕಳು ಬಂದಾಗ ಆಡಿಷನ್ ಕರೆಯಲಿಲ್ಲ. ಯಾರು ಬೇಕಾದರೂ ಬರಬಹುದು, ಆದರೆ ಮೊದಲ ಕೆಲವು ವಾರ ಮೈಕ್ ಇಲ್ಲ. ನೋಟ್‌ಬುಕ್ ಬರೆಯುವುದು, ಎಡಿಟಿಂಗ್, ಫೋನ್ ಮಾಡುವುದು, ಕಂತು ಕಳಿಸಿ ಕೇಳಿದವರ ಮಾತು ಬರೆದುಕೊಳ್ಳುವುದು, ಹೊರಗೆ ಹೋಗುವಾಗ ಜೊತೆಗೆ ಹೋಗುವುದು ಇವುಗಳಲ್ಲಿ ಒಂದು ಆರಿಸಿಕೊಳ್ಳಬೇಕು. ಒಬ್ಬ ಹಿರಿಯ ವಿದ್ಯಾರ್ಥಿಯ ಜೊತೆ ಒಬ್ಬ ಕಿರಿಯ. ಆ ಅವಧಿ ಮುಗಿದ ಮೇಲೆ ಬಂದ ಎಲ್ಲರಿಗೂ ಎರಡು ನಿಮಿಷ ಮೈಕ್, ದನಿ ಹೇಗೇ ಇರಲಿ. ಶನಿವಾರ ಎಲ್ಲರೂ ಕೂತು ವಾರದ ಕಂತುಗಳನ್ನು ಕೇಳುವುದು. ಅಲ್ಲಿ 'ಚೆನ್ನಾಗಿದೆ' ಅಂದರೆ ಸಾಲದು, ಯಾವ ನಿಮಿಷದಲ್ಲಿ ನಿಮ್ಮ ಗಮನ ಬೇರೆ ಕಡೆ ಹೋಯಿತು ಎಂದು ಹೇಳಬೇಕು. ಖಾತೆ, ಪಾಸ್‌ವರ್ಡ್ ಎಲ್ಲಾ ವಿಭಾಗದ ಇಮೇಲ್‌ಗೆ ಬಂದವು. ಮೂಲ ಫೈಲುಗಳು ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ, ಎರಡು ಬೇರೆ ಬೀರುಗಳಲ್ಲಿ.

ಇದರಿಂದ ಕಳೆದುಕೊಂಡದ್ದೂ ಇದೆ. ಕಾಲೇಜಿನಲ್ಲೇ ಅತಿ ಒಳ್ಳೆಯ ದನಿಯ ಹುಡುಗನೊಬ್ಬ ಎರಡೇ ವಾರಕ್ಕೆ ಬಿಟ್ಟುಹೋದ. ನೋಟ್‌ಬುಕ್ ಬರೆಯುವುದು ಅವನಿಗೆ ಆಗಲಿಲ್ಲ. ಅದು ನಿಜವಾದ ನಷ್ಟ, ಅವನು ಇದ್ದಿದ್ದರೆ ಕಾರ್ಯಕ್ರಮಗಳಿಗೆ ಕಳೆ ಬರುತ್ತಿತ್ತು. ಅವನಿಗೆ ಆಕಾಶವಾಣಿಯ ಯುವಜನರ ಕಾರ್ಯಕ್ರಮವಾದ ಯುವವಾಣಿಯ ದಾ‌ರಿ ತೋರಿಸಿದೆ. 1969ರಲ್ಲಿ ದೆಹಲಿಯಲ್ಲಿ ಶುರುವಾದ ಯುವವಾಣಿ ದೇಶದಲ್ಲಿ ಎಷ್ಟೋ ಜನ ಯುವಕರಿಗೆ ಮೊದಲ ಮೈಕ್ ಕೊಟ್ಟಿದೆ. ದನಿಯೇ ಮುಖ್ಯವಾದ ಜಾಗಗಳು ಇವೆ, ಇರಲಿ. ವಿದ್ಯಾರ್ಥಿ ರೇಡಿಯೋದ ಕೆಲಸ ಬೇರೆ.

ನಿಜವಾದ ಪರೀಕ್ಷೆ ಬಂದದ್ದು ಸೆಮಿಸ್ಟರ್ ಮುಗಿದಾಗ. ಹಿಂದಿನ ತಂಡ ಸತ್ತದ್ದೂ ಇದೇ ಹೊತ್ತಿನಲ್ಲಿ. ಈ ಸಲ ಪರೀಕ್ಷೆಗೆ ಮುಂಚೆಯೇ ಹೊತ್ತು ಮೀರದ ಕಂತುಗಳನ್ನು ಮಾಡಿಟ್ಟಿದ್ದರು. ಜಗಳೂರಿನ ಕೆರೆಗಳ ಬಗ್ಗೆ ಒಂದು, ಆ ತಾಲೂಕಿನ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯದ ಬಗ್ಗೆ ಒಂದು, ಹಾಡುಗಳದ್ದೇ ಕೆಲವು. ರಜೆಯಲ್ಲಿ ಊರಲ್ಲೇ ಇರುವ ಕಿರಿಯ ಮಕ್ಕಳಿಗೆ ಕಳಿಸುವ ಕೆಲಸ ವಹಿಸಿದರು. ವಾರಕ್ಕೆ ಎರಡರ ಬದಲು ಒಂದೇ ಹೋಯಿತು. ಆದರೆ ನಿಲ್ಲಲಿಲ್ಲ. ಜಗಳೂರಿನ ಹುಡುಗಿ ಪದವಿ ಮುಗಿಸಿ ಹೋದ ಮೇಲೂ ನಿಲ್ಲಲಿಲ್ಲ. ಅವಳು ಈಗ ಎಂ.ಎ. ಓದುತ್ತಿದ್ದಾಳೆ. ಉದ್ಘೋಷಕಿ ಆಗುವ ಆಸೆ ಅವಳಿಗೆ ಇಲ್ಲ, ಕಾರ್ಯಕ್ರಮ ನಿರ್ಮಾಣದಲ್ಲೇ ಕೆಲಸ ಹುಡುಕಬೇಕು ಅನ್ನುತ್ತಾಳೆ.

ಇನ್ನೂ ಬಗೆಹರಿಯದ್ದು

ಸಮುದಾಯ ರೇಡಿಯೋ ಲೈಸೆನ್ಸ್‌ಗೆ ಅರ್ಜಿ ಹಾಕೋಣ ಎಂದು ಆಡಳಿತ ಮಂಡಳಿಗೆ ಈಗ ಉತ್ಸಾಹ ಬಂದಿದೆ. ನನ್ನನ್ನು ಕೇಳಿದಾಗ ಸ್ವಲ್ಪ ತಡೆಯಿರಿ ಅಂದೆ. ವಾರಕ್ಕೆ ಇಪ್ಪತ್ತು ನಿಮಿಷ ಮಾಡುವುದಕ್ಕೂ ದಿನಕ್ಕೆ ಹಲವು ಗಂಟೆ ತುಂಬುವುದಕ್ಕೂ ಹೋಲಿಕೆಯೇ ಇಲ್ಲ. ಕ್ಯಾಂಪಸ್ ಒಳಗಿನ ಮಾತಷ್ಟೇ ಸಾಲುವುದಿಲ್ಲ, ಸುತ್ತಲಿನ ಬಡಾವಣೆ, ಹಳ್ಳಿಗಳ ಜನ ಸೇರಬೇಕು. ರಜೆಯಲ್ಲೂ ಸ್ಟುಡಿಯೋ ನಡೆಸಲು ಸಂಬಳದ ಇಬ್ಬರಾದರೂ ಬೇಕು. ಹಾಸ್ಯ, ಹಾಡು ತುಂಬಿ ಹೊತ್ತು ಕಳೆಯುವ ಕೇಂದ್ರವಾದರೆ ಮಕ್ಕಳು ಮತ್ತೆ ಆರ್‌ಜೆ ಆಗುವ ಸಾಲಿನಲ್ಲಿ ನಿಲ್ಲುತ್ತಾರೆ.

ಇನ್ನೊಂದು, ವಿಭಾಗದ ಸರ್ ಮೇಲಿನ ಹೊರೆ. ಅವರು ಈ ಎಲ್ಲಾ ಕೆಲಸವನ್ನು ಪಾಠದ ಹೊರೆಯ ಮೇಲೆ ಹೆಚ್ಚುವರಿಯಾಗಿ ಮಾಡುತ್ತಿದ್ದಾರೆ. ಕಂತು ಹೋಗುವ ಮುನ್ನ ಕೇಳುವುದು, ಮಧ್ಯಾಹ್ನದ ಪಿರಿಯಡ್ ಉಳಿಸಿಕೊಳ್ಳಲು ಪ್ರತಿ ಸೆಮಿಸ್ಟರ್ ಟೈಮ್‌ಟೇಬಲ್ ಸಮಿತಿಯ ಜೊತೆ ವಾದ ಮಾಡುವುದು, ಎಲ್ಲಾ ಅವರೇ. ಮಕ್ಕಳ ಕಡೆ ಒಬ್ಬರ ಮೇಲೆ ನಿಲ್ಲುವುದನ್ನು ತಪ್ಪಿಸಿದ್ದಾಯಿತು, ಅಧ್ಯಾಪಕರ ಕಡೆ ಇನ್ನೂ ಒಬ್ಬರ ಮೇಲೇ ನಿಂತಿದೆ. ಅವರಿಗೆ ವರ್ಗವಾದರೆ ಏನು ಎಂದು ಕಳೆದ ಸಭೆಯಲ್ಲಿ ಕೇಳಿದೆ. ರೇಡಿಯೋ ಕೆಲಸವನ್ನು ಪಾಠದ ಗಂಟೆಯಾಗಿ ಲೆಕ್ಕ ಹಾಕಬೇಕು, ಇನ್ನೊಂದು ವಿಭಾಗದಿಂದ ಒಬ್ಬ ಅಧ್ಯಾಪಕರನ್ನು ಜೊತೆಗೆ ಕೊಡಬೇಕು ಎಂದು ಪ್ರಾಂಶುಪಾಲರಿಗೆ ಬರೆದು ಕೊಟ್ಟಿದ್ದಾರೆ. ಕನ್ನಡ ವಿಭಾಗದ ಒಬ್ಬರು ಒಪ್ಪಿದ್ದಾರೆ. ಲೆಕ್ಕದ ಗಂಟೆಗಳ ಆದೇಶ ಇನ್ನೂ ಬರಬೇಕು. ಲೈಸೆನ್ಸ್ ಅರ್ಜಿಯ ಮಾತು ಅದು ಬಂದ ಮೇಲೆಯೇ ಎಂದು ಸಭೆಯಲ್ಲಿ ತೀರ್ಮಾನವಾಗಿದೆ.